ಬೆಣ್ಣೆಯ ನಾಡಿನ ಹೃದಯ ಬದಲಾದ ಕಥೆ

‘ರಾತ್ರಿ ಊಟ ಮಾಡಿ ಜಗಲಿಯ ಮೇಲೆ ಕುಳಿತಿದ್ದರು. ಎದೆ ಯಾಕೋ ಹಿಡಿದ ಹಾಗಾಗುತ್ತಿದೆ ಅಂದರು. ನೀರು ತರುವಷ್ಟರಲ್ಲಿ ಹೋಗಿಯೇಬಿಟ್ಟಿದ್ದರು.’ ಇಂಥ ಮಾತು ಕೇಳಿಬರದ ಊರು ನಮ್ಮಲ್ಲಿ ಇರಲಾರದು. ಹೋದವರು ಎಂಬತ್ತು ದಾಟಿದ್ದರೆ ‘ಪುಣ್ಯಾತ್ಮ, ಯಾರಿಗೂ ತೊಂದರೆ ಕೊಡದೆ ಹೋದ’ ಎನ್ನುತ್ತೇವೆ. ನಲವತ್ತರ ಆಸುಪಾಸಿನವರಾದರೆ ‘ಅವರ ಆಯಸ್ಸೇ ಅಷ್ಟಿತ್ತು’ ಎಂದು ಹಣೆಬರಹದ ಮೇಲೆ ಭಾರ ಹಾಕಿ ಸುಮ್ಮನಾಗುತ್ತೇವೆ.

ಅರ್ಧ ಶತಮಾನದ ಹಿಂದೆ ಯುರೋಪಿನ ಒಂದು ಮೂಲೆಯಲ್ಲಿಯೂ ಜನ ಹೀಗೆಯೇ ಮಾತನಾಡುತ್ತಿದ್ದರು. ಫಿನ್ಲೆಂಡಿನ ಪೂರ್ವ ತುದಿಯಲ್ಲಿ, ಅಂದಿನ ಸೋವಿಯತ್ ಒಕ್ಕೂಟದ ಗಡಿಗೆ ತಾಗಿಕೊಂಡಿದ್ದ ಉತ್ತರ ಕರೇಲಿಯ ಎಂಬ ಪ್ರಾಂತ್ಯ ಅದು. ಕಾಡು, ಕೆರೆ, ಹಿಮ ಮತ್ತು ಹಸುಗಳ ನಾಡು. ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ. ಅಲ್ಲಿನ ಗಂಡಸರು ಮರ ಕಡಿಯುವ, ಹೊಲ ಉಳುವ ಗಟ್ಟಿಗರು. ಆದರೂ ನಡುವಯಸ್ಸಿನಲ್ಲಿಯೇ ಒಬ್ಬೊಬ್ಬರಾಗಿ ಎದೆ ಹಿಡಿದುಕೊಂಡು ಕುಸಿಯುತ್ತಿದ್ದರು. 1970ರ ಸುಮಾರಿಗೆ ಅಲ್ಲಿ 35ರಿಂದ 64 ವರ್ಷದೊಳಗಿನ ಪ್ರತಿ ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ 672 ಮಂದಿ ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುತ್ತಿದ್ದರು. ಆ ಹೊತ್ತಿಗೆ ಲೆಕ್ಕ ಸಿಗುತ್ತಿದ್ದ ದೇಶಗಳಲ್ಲಿ ಗಂಡಸರ ಹೃದ್ರೋಗ ಸಾವಿನ ಪ್ರಮಾಣ ಫಿನ್ಲೆಂಡಿನಲ್ಲಿಯೇ ಅತಿ ಹೆಚ್ಚು. ಫಿನ್ಲೆಂಡಿನೊಳಗೆ ಉತ್ತರ ಕರೇಲಿಯದ್ದೇ ಮೇಲುಗೈ. ಹೆಮ್ಮೆಪಡುವಂಥ ದಾಖಲೆಯೇನೂ ಅದಾಗಿರಲಿಲ್ಲ.

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಈ ಸಾವುಗಳು ಕಾಲು ಭಾಗಕ್ಕೆ ಇಳಿದವು. ಹೊಸ ಔಷಧಿಯಾಗಲಿ, ದೊಡ್ಡ ಆಸ್ಪತ್ರೆಯಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಊರಿಗೆ ಊರೇ ತನ್ನ ಅಡುಗೆಮನೆಯನ್ನು, ಅಂಗಡಿಯನ್ನು, ಅಭ್ಯಾಸಗಳನ್ನು ಬದಲಿಸಿಕೊಂಡದ್ದು ಕಾರಣ. ಹೃದ್ರೋಗ ಮತ್ತು ಪಾರ್ಶ್ವವಾಯು ತಡೆಯಲು ಒಂದು ಸಮುದಾಯ ಏನು ಮಾಡಬಹುದು ಎಂಬ ಪ್ರಶ್ನೆ ಬಂದಾಗಲೆಲ್ಲ ಜಗತ್ತಿನ ವೈದ್ಯರು ಮೊದಲು ನೆನೆಯುವುದು ಈ ಕಥೆಯನ್ನು.

ರೋಗಕ್ಕೆ ಕಾರಣ ಹುಡುಕಿದ ಊರುಗಳು

ಈ ಕಥೆಗೆ ಒಂದು ಪೂರ್ವಪೀಠಿಕೆ ಇದೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ರಕ್ತದೊತ್ತಡ ವರ್ಷಗಳಿಂದ ಏರುತ್ತಲೇ ಇತ್ತು. ಆದರೆ ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ ಎಂದು ಬಹುಪಾಲು ವೈದ್ಯರು ನಂಬಿದ್ದ ಕಾಲ ಅದು. ನಂಬದಿದ್ದರೂ ಕೊಡಲು ಒಳ್ಳೆಯ ಮಾತ್ರೆ ಇರಲಿಲ್ಲ.

ಅಮೆರಿಕ ಸರ್ಕಾರ 1948ರಲ್ಲಿ ಹೃದ್ರೋಗ ಸಂಶೋಧನೆಗೆಂದೇ ಒಂದು ಕಾಯಿದೆ ತಂದಿತು. ಅದೇ ವರ್ಷ ಮೆಸಾಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಅಧ್ಯಯನವೊಂದು ಆರಂಭವಾಯಿತು. ಅದರಲ್ಲಿ 5,209 ಮಂದಿ ಸಾಮಾನ್ಯ ನಾಗರಿಕರು ಪಾಲ್ಗೊಂಡರು. ಅವರನ್ನು ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ, ಯಾರಿಗೆ ಹೃದಯಾಘಾತವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ವೈದ್ಯರು ಕಾದು ನೋಡಿದರು. ಮೂರು ಸಂಗತಿಗಳು ಎದ್ದು ಕಂಡವು: ರಕ್ತದಲ್ಲಿ ಹೆಚ್ಚಿನ ಕೊಲೆಸ್ಟರಾಲ್, ಏರಿದ ರಕ್ತದೊತ್ತಡ, ಧೂಮಪಾನ. ‘ಅಪಾಯದ ಅಂಶಗಳು’ ಎಂದು ಇಂದು ವೈದ್ಯರು ಹೇಳುವ ಮಾತು ಬಳಕೆಗೆ ಬಂದದ್ದು ಈ ಊರಿನ ಅಧ್ಯಯನದಿಂದಲೇ.

ಅಮೆರಿಕದ ಇನ್ನೊಬ್ಬ ವಿಜ್ಞಾನಿ ಆ್ಯನ್ಸಲ್ ಕೀಸ್ ಬೇರೆ ದಾರಿ ಹಿಡಿದರು. ಅವರು 1958ರಲ್ಲಿ ಆರಂಭಿಸಿದ ‘ಏಳು ದೇಶಗಳ ಅಧ್ಯಯನ’ದಲ್ಲಿ ಇಟಲಿ, ಗ್ರೀಸ್, ಯುಗೊಸ್ಲಾವಿಯ, ನೆದರ್ಲೆಂಡ್ಸ್, ಜಪಾನ್, ಅಮೆರಿಕ ಮತ್ತು ಫಿನ್ಲೆಂಡಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಫಿನ್ಲೆಂಡಿನ ಭಾಗವನ್ನು ನೋಡಿಕೊಂಡವರು ಪ್ರೊಫೆಸರ್ ಮಾರ್ತ್ತಿ ಕಾರ್ವೊನೆನ್. ಅವರು ಆಯ್ದುಕೊಂಡ ಊರುಗಳಲ್ಲಿ ಉತ್ತರ ಕರೇಲಿಯದ ಇಲೊಮಂತ್ಸಿಯೂ ಒಂದು. ಮೈಮುರಿದು ದುಡಿಯುವ ಮರಕಡಿಯುವವರ ರಕ್ತದಲ್ಲಿ ಇಷ್ಟೊಂದು ಕೊಲೆಸ್ಟರಾಲ್ ಕಂಡು ತಜ್ಞರಿಗೆ ಆಶ್ಚರ್ಯವಾಯಿತು. ಗ್ರೀಸಿನ ಕ್ರೀಟ್ ದ್ವೀಪದ ರೈತರಲ್ಲಿ ಹೃದಯಾಘಾತ ಅಪರೂಪ. ಪೂರ್ವ ಫಿನ್ಲೆಂಡಿನ ರೈತರಲ್ಲಿ ಅದು ಮನೆಮಾತು. ಇಬ್ಬರೂ ದುಡಿಮೆಗಾರರೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ.

ಬಡತನ ಕಳೆದ ಮೇಲೆ ಬಂದ ರೋಗ

ಆ ತಟ್ಟೆಯಲ್ಲಿ ಏನಿತ್ತು? ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಬೆಣ್ಣೆ. ರೈ ಹಿಟ್ಟಿನ ಬ್ರೆಡ್ಡಿಗೆ ದಪ್ಪಗೆ ಸವರಿದ ಬೆಣ್ಣೆ, ಕೆನೆ ತೆಗೆಯದ ಹಾಲು, ಕೊಬ್ಬಿರುವ ಹಂದಿಮಾಂಸ, ಧಾರಾಳವಾಗಿ ಉಪ್ಪು. 1972ರ ಸಮೀಕ್ಷೆಯಲ್ಲಿ ಶೇಕಡಾ 90ರಷ್ಟು ಜನ ಬ್ರೆಡ್ಡಿಗೆ ಬೆಣ್ಣೆಯನ್ನೇ ಹಚ್ಚುತ್ತಿದ್ದರು. ಹಸಿ ತರಕಾರಿ ಎಂದರೆ ದನಕ್ಕೋ ಮೊಲಕ್ಕೋ ಹಾಕುವ ಮೇವು ಎಂಬ ಭಾವನೆ ಗಂಡಸರಲ್ಲಿತ್ತು. ಅರ್ಧಕ್ಕೂ ಹೆಚ್ಚು ಗಂಡಸರು ಸಿಗರೇಟು ಸೇದುತ್ತಿದ್ದರು.

ಇದನ್ನು ತಿನ್ನುವ ಚಪಲ ಎಂದು ತಳ್ಳಿಹಾಕುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಫಿನ್ಲೆಂಡ್ ತನ್ನ ಕರೇಲಿಯ ಪ್ರದೇಶದ ದೊಡ್ಡ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಡಬೇಕಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ಅವರಿಗೂ, ಯುದ್ಧದಿಂದ ಮರಳಿದ ಸೈನಿಕರಿಗೂ ಸರ್ಕಾರ ತುಂಡು ತುಂಡು ಭೂಮಿ ಕೊಟ್ಟಿತು. ಚಳಿಯ ನಾಡಿನಲ್ಲಿ ಗೋಧಿಗಿಂತ ಹುಲ್ಲು ಚೆನ್ನಾಗಿ ಬೆಳೆಯುತ್ತದೆ. ಹಾಗಾಗಿ ಹಸು ಸಾಕಿದರು, ಹಾಲು ಕರೆದರು. ಒಂದು ಕಾಲಕ್ಕೆ ಹಬ್ಬದ ದಿನ ಮಾತ್ರ ಸಿಗುತ್ತಿದ್ದ ಬೆಣ್ಣೆ ದಿನದ ಊಟವಾಯಿತು. ಹಸಿವು ಕಂಡವರಿಗೆ ಬೆಣ್ಣೆ ಎಂದರೆ ಸಮೃದ್ಧಿ. ನಮ್ಮಲ್ಲಿ ಅನ್ನಕ್ಕೆ ತುಪ್ಪ ಸುರಿದು ಬಡಿಸುವುದನ್ನೇ ಪ್ರೀತಿ ಎಂದು ತಿಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ದೇಹದೊಳಗೆ ನಡೆಯುತ್ತಿದ್ದದ್ದು ಬೇರೆಯೇ. ಬೆಣ್ಣೆ, ಕೆನೆ, ಮಾಂಸದ ಗಟ್ಟಿ ಕೊಬ್ಬು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆ. ಅದು ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಸಂಗ್ರಹವಾಗುತ್ತದೆ. ಸಿಗರೇಟಿನ ಹೊಗೆ ಆ ಗೋಡೆಯನ್ನು ಹಾಳುಗೆಡವಿ ರಕ್ತ ಹೆಪ್ಪುಗಟ್ಟುವುದನ್ನು ಸುಲಭ ಮಾಡುತ್ತದೆ. ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ. ಒಂದು ದಿನ ಹೃದಯದ ನಾಳ ಕಟ್ಟಿಕೊಂಡರೆ ಹೃದಯಾಘಾತ. ಮಿದುಳಿನ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಪಾರ್ಶ್ವವಾಯು, ನಾವು ಲಕ್ವ ಎನ್ನುವುದು. ಎರಡು ಬೇರೆ ಕಾಯಿಲೆಗಳಂತೆ ಕಂಡರೂ ಬೇರುಗಳು ಬಹುಮಟ್ಟಿಗೆ ಒಂದೇ.

ಜನರೇ ಬರೆದ ಮನವಿ

ಉತ್ತರ ಕರೇಲಿಯದ ಜನರಿಗೆ ತಮ್ಮ ಊರು ಹೃದ್ರೋಗಕ್ಕೆ ಕುಖ್ಯಾತವಾಗಿದೆ ಎಂಬುದು ಪತ್ರಿಕೆಗಳಿಂದ ತಿಳಿದಿತ್ತು. 1971ರ ಜನವರಿಯಲ್ಲಿ ಅವರು ಸುಮ್ಮನಿರಲಿಲ್ಲ. ಪ್ರಾಂತ್ಯದ ಗವರ್ನರ್ ಎಸಾ ತಿಮೊನೆನ್ ಅವರ ಮುಂದಾಳತ್ವದಲ್ಲಿ ಸಂಸತ್ ಸದಸ್ಯರು, ಸ್ಥಳೀಯ ಪ್ರತಿನಿಧಿಗಳು, ಸಂಘಸಂಸ್ಥೆಗಳವರು ಸೇರಿ ಒಂದು ಮನವಿಗೆ ಸಹಿ ಹಾಕಿದರು. ನಮ್ಮ ಜನ ಸಾಯುತ್ತಿದ್ದಾರೆ, ಇದನ್ನು ತಗ್ಗಿಸಲು ರಾಷ್ಟ್ರ ನೆರವಾಗಬೇಕು ಎಂಬುದು ಅದರ ಸಾರ.

ಈ ಮನವಿಯೇ ಇಡೀ ಕಥೆಯ ತಿರುವು. ರಾಜಧಾನಿಯ ಅಧಿಕಾರಿಗಳೋ ವಿಶ್ವವಿದ್ಯಾಲಯದ ಪಂಡಿತರೋ ಬಂದು ‘ನೀವು ತಿನ್ನುವುದು ತಪ್ಪು’ ಎಂದು ಹೇಳಿದ್ದರೆ ಹಳ್ಳಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರೋ ಏನೋ. ಇಲ್ಲಿ ಕರೆದವರು ಹಳ್ಳಿಯವರೇ. ಹೀಗಾಗಿ ಮುಂದೆ ಬಂದ ಯೋಜನೆ ಅವರದೇ ಆಯಿತು.

ಫಿನ್ಲೆಂಡಿನ ಹೃದಯ ಸಂಘ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ ಯೋಜನೆಯ ರೂಪರೇಷೆ ಹಾಕಿದರು. 1972ರಲ್ಲಿ ‘ಉತ್ತರ ಕರೇಲಿಯ ಯೋಜನೆ’ ಆರಂಭವಾಯಿತು. ಅದನ್ನು ನಡೆಸಲು ಆಯ್ಕೆಯಾದವರು ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯ. ವಯಸ್ಸು ಇನ್ನೂ ಚಿಕ್ಕದು. ವೈದ್ಯಕೀಯದ ಜೊತೆಗೆ ಸಮಾಜ ವಿಜ್ಞಾನವನ್ನೂ ಓದಿದ್ದವರು. ಈ ಎರಡನೆಯ ಓದೇ ಹೆಚ್ಚು ಉಪಯೋಗಕ್ಕೆ ಬಂತು ಎಂದರೂ ನಡೆದೀತು.

ಯಾಕೆಂದರೆ ಎದುರಿಗಿದ್ದ ಪ್ರಶ್ನೆ ಸರಳವಲ್ಲ. ಅಪಾಯದಲ್ಲಿರುವವರನ್ನು ಮಾತ್ರ ಹುಡುಕಿ ಚಿಕಿತ್ಸೆ ಕೊಡಬೇಕೇ, ಇಲ್ಲ ಇಡೀ ಪ್ರಾಂತ್ಯದ ಬದುಕಿನ ರೀತಿಯನ್ನೇ ಸ್ವಲ್ಪ ಸರಿಸಬೇಕೇ? ಉತ್ತರ ಕರೇಲಿಯದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದೇ ಸಾಮಾನ್ಯ ಸ್ಥಿತಿ. ಕೆಲವರನ್ನು ಬೇರ್ಪಡಿಸಿದರೆ ಉಳಿದವರು ಸುರಕ್ಷಿತರು ಎನ್ನುವಂತಿರಲಿಲ್ಲ. ಹಾಗಾಗಿ ಯೋಜನೆ ಎರಡನೆಯ ದಾರಿ ಹಿಡಿಯಿತು. ಬ್ರಿಟನ್ನಿನ ವೈದ್ಯ ಜೆಫ್ರಿ ರೋಸ್ 1985ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ವಿವರಿಸಿದರು. ಹೆಚ್ಚು ಅಪಾಯವಿರುವ ಕೆಲವರಿಗಿಂತ, ಸ್ವಲ್ಪವೇ ಅಪಾಯವಿರುವ ಬಹಳ ಜನರಲ್ಲಿ ಒಟ್ಟು ಸಾವುಗಳು ಹೆಚ್ಚಾಗಬಹುದು. ಆದ್ದರಿಂದ ಎಲ್ಲರ ರಕ್ತದೊತ್ತಡ ಸ್ವಲ್ಪ ಸ್ವಲ್ಪ ಇಳಿದರೂ ಊರಿನ ಒಟ್ಟು ಲಾಭ ದೊಡ್ಡದು ಎಂಬುದು ಅವರ ವಾದ.

ಅಡುಗೆಮನೆಯಿಂದ ಆರಂಭ

ಭಾಷಣ, ಕರಪತ್ರಗಳಿಂದ ಜನ ಬದಲಾಗುವುದಿಲ್ಲ ಎಂಬುದು ಪುಸ್ಕಾ ಮತ್ತು ಸಂಗಡಿಗರಿಗೆ ಬೇಗನೆ ತಿಳಿಯಿತು. ಅಪಾಯವೇನೆಂದು ಕೇಳಿ ತಿಳಿದವರೂ ಮನೆಗೆ ಹೋಗಿ ಹಳೆಯ ಅಡುಗೆಯನ್ನೇ ಉಣ್ಣುತ್ತಿದ್ದರು. ಬೇರೆ ಅಡುಗೆ ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ನೆರವಿಗೆ ಬಂದವರು ಹೆಂಗಸರು. ‘ಮಾರ್ತಾ’ ಎಂಬ ಗೃಹಿಣಿಯರ ಸಂಘಟನೆ ಫಿನ್ಲೆಂಡಿನಲ್ಲಿ 1899ರಿಂದಲೇ ಇತ್ತು. ಹಳ್ಳಿ ಹಳ್ಳಿಯಲ್ಲಿ ಅದರ ಶಾಖೆಗಳಿದ್ದವು. ಈ ಸಂಘದವರು ಸಂಜೆಯ ಕೂಟಗಳನ್ನು ಏರ್ಪಡಿಸಿದರು. ಯೋಜನೆಯವರು ಕೆಲ ನಿಮಿಷ ಮಾತನಾಡಿದ ಮೇಲೆ ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುತ್ತಿದ್ದರು. ಆ ನಾಡಿಗೆ ಪ್ರಿಯವಾದ ‘ಕರೇಲಿಯನ್ ಸ್ಟ್ಯೂ’ ಎಂಬ ಮಾಂಸದ ಅಡುಗೆಯಲ್ಲಿ ಹಂದಿಮಾಂಸವನ್ನು ಕಡಿಮೆ ಮಾಡಿ, ಕ್ಯಾರೆಟ್, ಆಲೂಗೆಡ್ಡೆ, ಗೆಡ್ಡೆಕೋಸುಗಳನ್ನು ಹೆಚ್ಚಿಸಿದರು. ಹೆಸರು ಅದೇ, ಪಾತ್ರೆ ಅದೇ; ಒಳಗಿನ ಪ್ರಮಾಣ ಮಾತ್ರ ಬೇರೆ. ಪರಂಪರೆಯನ್ನು ಬಿಡಿ ಎಂದು ಯಾರೂ ಹೇಳಲಿಲ್ಲ.

ಇದರ ಜೊತೆಗೆ ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರನ್ನು ಗುರುತಿಸಲಾಯಿತು. ಅಂಗಡಿಯವರು, ಸಂಘಗಳ ಕಾರ್ಯದರ್ಶಿಗಳು, ರೈತ ಮುಖಂಡರು ಹೀಗೆ ಸುಮಾರು 800 ಮಂದಿ ಸಾಮಾನ್ಯರಿಗೆ ತರಬೇತಿ ದೊರೆಯಿತು. ಅವರ ಕೆಲಸ ಉಪನ್ಯಾಸ ಮಾಡುವುದಲ್ಲ. ಅಂಗಡಿ ಕಟ್ಟೆಯಲ್ಲಿ, ಚರ್ಚಿನ ಅಂಗಳದಲ್ಲಿ, ಸೌನಾ ಸ್ನಾನದ ಮನೆಯಲ್ಲಿ ಸಿಕ್ಕಿದವರೊಡನೆ ಎರಡು ಮಾತಾಡುವುದು. ಸಿಗರೇಟು ಬಿಡುವ ಸ್ಪರ್ಧೆಗಳು ನಡೆದವು. ಯಾವ ಹಳ್ಳಿಯ ಕೊಲೆಸ್ಟರಾಲ್ ಹೆಚ್ಚು ಇಳಿಯುತ್ತದೆ ಎಂದು ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ಏರ್ಪಟ್ಟಿತು. 1970ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಸರಣಿ ಕಾರ್ಯಕ್ರಮ ಆರಂಭವಾಯಿತು. ಉತ್ತರ ಕರೇಲಿಯದ ಸಾಮಾನ್ಯ ಜನ ಸಿಗರೇಟು ಬಿಡಲು, ಊಟ ಬದಲಿಸಲು ಪಡುವ ಪಾಡನ್ನು ಇಡೀ ದೇಶ ನೋಡಿತು.

ರಕ್ತದೊತ್ತಡದ ಪುಸ್ತಕ

ಪಾರ್ಶ್ವವಾಯುವಿನ ವಿಚಾರದಲ್ಲಿ ಯೋಜನೆ ಇನ್ನೊಂದು ಹಾದಿಯನ್ನೂ ಹಿಡಿಯಿತು. ಏರಿದ ರಕ್ತದೊತ್ತಡವನ್ನು ಮಾತ್ರೆಯಿಂದ ಇಳಿಸಿದರೆ ಪಾರ್ಶ್ವವಾಯು ತಪ್ಪುತ್ತದೆ ಎಂಬುದು ಅಮೆರಿಕದ ವೈದ್ಯ ಎಡ್ವರ್ಡ್ ಫ್ರೈಸ್ ನೇತೃತ್ವದ ಪ್ರಯೋಗಗಳಿಂದ 1967 ಮತ್ತು 1970ರಲ್ಲಷ್ಟೇ ಸಿದ್ಧವಾಗಿತ್ತು. ಆದರೆ ರಕ್ತದೊತ್ತಡ ನೋವು ಕೊಡುವುದಿಲ್ಲ. ನೋವಿಲ್ಲದೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಹೋದವರೂ ಒಂದು ತಿಂಗಳು ಮಾತ್ರೆ ನುಂಗಿ ‘ಈಗ ಚೆನ್ನಾಗಿದ್ದೇನೆ’ ಎಂದು ಬಿಟ್ಟುಬಿಡುತ್ತಾರೆ.

ಆದ್ದರಿಂದ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಇರುವವರ ಹೆಸರುಗಳನ್ನು ದಾಖಲು ಮಾಡಿಕೊಳ್ಳುವ ಪದ್ಧತಿ ಬಂತು. ತಪ್ಪದೆ ಅಳೆಯುವ, ತಪ್ಪಿಸಿಕೊಂಡವರನ್ನು ನೆನಪಿಸಿ ಕರೆಯುವ ಹೊಣೆ ಬಹುಮಟ್ಟಿಗೆ ದಾದಿಯರದಾಯಿತು. ಪ್ರಾಥಮಿಕ ಆರೋಗ್ಯ ಸೇವೆಯ ಹೊಸ ಕಾನೂನು 1972ರಲ್ಲಿಯೇ ಬಂದದ್ದು ಇದಕ್ಕೆ ಬಲ ಕೊಟ್ಟಿತು. ಹೃದಯಾಘಾತ ಮತ್ತು ಪಾರ್ಶ್ವವಾಯು ಆದವರೆಲ್ಲರ ಲೆಕ್ಕವೂ ದಾಖಲಾಗುತ್ತ ಹೋಯಿತು.

ಉಪ್ಪಿನ ಮೇಲೆಯೂ ಗಮನ ಹರಿಯಿತು. ಫಿನ್ಲೆಂಡಿನವರು ತಿನ್ನುತ್ತಿದ್ದ ಉಪ್ಪಿನಲ್ಲಿ ಬಹುಪಾಲು ಮನೆಯ ಉಪ್ಪಿನ ಡಬ್ಬಿಯಿಂದ ಬರುತ್ತಿರಲಿಲ್ಲ. ಬ್ರೆಡ್, ಸಾಸೇಜ್, ಚೀಸ್ ಮೊದಲಾದ ಅಂಗಡಿಯ ಪದಾರ್ಥಗಳಲ್ಲಿ ಅಡಗಿತ್ತು. ಬೇಕರಿಯವರ, ಮಾಂಸ ಸಂಸ್ಕರಣೆಯವರ ಜೊತೆ ಮಾತುಕತೆ ನಡೆಯಿತು. 1990ರ ದಶಕದ ಆರಂಭದಲ್ಲಿ, ಹೆಚ್ಚು ಉಪ್ಪಿರುವ ಆಹಾರದ ಪೊಟ್ಟಣದ ಮೇಲೆ ಹಾಗೆಂದೇ ಮುದ್ರಿಸಬೇಕು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂತು. ಆ ಪಟ್ಟಿ ಅಂಟಿಸಿಕೊಳ್ಳಲು ಇಷ್ಟವಿಲ್ಲದ ತಯಾರಕರು ಉಪ್ಪನ್ನೇ ಕಡಿಮೆ ಮಾಡಿದರು.

ಹಾಲಿನ ರೈತರ ಪಾಡು

ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. ಬೆಣ್ಣೆ ಬಿಡಿ ಎಂಬ ಮಾತು ಹಾಲಿನಿಂದಲೇ ಬದುಕುವ ನಾಡಿನಲ್ಲಿ ಹೊಟ್ಟೆಯ ಮೇಲೆ ಹೊಡೆದಂತೆ. ಹಾಲು ಉತ್ಪಾದಕರು ಸಿಟ್ಟಾದರು. ಯೋಜನೆಯ ವಿರುದ್ಧ ಪ್ರಚಾರವೂ ನಡೆಯಿತು. ಅವರ ಆತಂಕ ಸುಳ್ಳಾಗಿರಲಿಲ್ಲ. ಪ್ರಾಣ ಉಳಿಸುವ ಸಲಹೆ ಒಬ್ಬನ ಜೀವನೋಪಾಯವನ್ನೇ ಕಿತ್ತುಕೊಂಡರೆ ಅವನು ಅದನ್ನು ಹೇಗೆ ಒಪ್ಪಿಯಾನು?

ಇದಕ್ಕೆ ಉತ್ತರವನ್ನು ನಿಧಾನವಾಗಿ ಹುಡುಕಲಾಯಿತು. ಕಡಿಮೆ ಕೊಬ್ಬಿನ ಹಾಲು, ಮೊಸರು ಮಾರುಕಟ್ಟೆಗೆ ಬಂದವು. ಹಿಂದೆ ಹಾಲಿನ ಬೆಲೆಯನ್ನು ಕೊಬ್ಬಿನ ಅಂಶ ನೋಡಿ ಕಟ್ಟುತ್ತಿದ್ದರು; ಕಾಲಕ್ರಮದಲ್ಲಿ ಪ್ರೋಟೀನಿಗೆ ಹೆಚ್ಚು ಬೆಲೆ ಬಂತು. ಉತ್ತರದ ಚಳಿಯಲ್ಲಿಯೂ ಬೆಳೆಯುವ ರೇಪ್‌ಸೀಡ್ ಎಂಬ, ನಮ್ಮ ಸಾಸಿವೆಯ ಬಳಗಕ್ಕೆ ಸೇರಿದ ಎಣ್ಣೆಬೀಜದ ತಳಿ ಬಳಕೆಗೆ ಬಂದದ್ದರಿಂದ ದೇಶದಲ್ಲೇ ಅಡುಗೆ ಎಣ್ಣೆ ತಯಾರಾಗತೊಡಗಿತು. ಇನ್ನೊಂದು ಪ್ರಯತ್ನ ಹಣ್ಣಿನದು. ಉತ್ತರ ಕರೇಲಿಯದ ಕಾಡಿನಲ್ಲಿ, ಹೊಲದಲ್ಲಿ ಬೆರ್ರಿ ಹಣ್ಣುಗಳು ಚೆನ್ನಾಗಿ ಬರುತ್ತವೆ. 1980ರ ದಶಕದಲ್ಲಿ ಬೆರ್ರಿ ಬೆಳೆಯಲು, ಸಂಸ್ಕರಿಸಲು, ಮಾರಲು ರೈತರಿಗೆ ಪ್ರೋತ್ಸಾಹ ಸಿಕ್ಕಿತು. ಹಸು ಬಿಟ್ಟು ಹಣ್ಣು ಹಿಡಿದವರಿಗೆ ಹೊಸ ಆದಾಯ ಬಂತು, ತಿಂದವರಿಗೂ ಒಳ್ಳೆಯದಾಯಿತು.

ಕಾಫಿ ಕೂಡ ಬದಲಾಯಿತು ಎಂದರೆ ಕಾಫಿಪ್ರಿಯರಾದ ನಮಗೆ ಕುತೂಹಲ ಎನಿಸೀತು. ಫಿನ್ಲೆಂಡಿನವರು ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನವರು. ಹಿಂದೆ ಪುಡಿಯನ್ನು ನೀರಿಗೆ ಹಾಕಿ ಕುದಿಸಿ ಹಾಗೆಯೇ ಕುಡಿಯುತ್ತಿದ್ದರು. ಕಾಫಿಬೀಜದ ಎಣ್ಣೆಯ ಅಂಶವೊಂದು ಹೀಗೆ ಕುದಿಸಿದ ಕಾಫಿಯಲ್ಲಿ ಉಳಿದು ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಜನ ಕಾಗದದ ಫಿಲ್ಟರಿಗೆ ಬದಲಾದದ್ದೂ ಕೊಲೆಸ್ಟರಾಲ್ ಇಳಿಯಲು ಒಂದಿಷ್ಟು ಕಾರಣವಾಯಿತು.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 1977ರಲ್ಲಿ ಜಾರಿಗೆ ಬಂದ ತಂಬಾಕು ಕಾಯಿದೆ ಸಿಗರೇಟಿನ ಜಾಹೀರಾತನ್ನು ನಿಷೇಧಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ಕಡಿವಾಣ ಹಾಕಿತು. ಒಂದು ಪ್ರಾಂತ್ಯದಲ್ಲಿ ಐದು ವರ್ಷ ನಡೆದ ಪ್ರಯೋಗದ ಪಾಠಗಳು ಅಲ್ಲಿಂದ ಮುಂದೆ ಇಡೀ ದೇಶಕ್ಕೆ ಹರಡಿದವು.

ಲೆಕ್ಕ ಮತ್ತು ತಕರಾರು

ಐದು ವರ್ಷಕ್ಕೊಮ್ಮೆ ಸಮೀಕ್ಷೆ ತಪ್ಪದೆ ನಡೆಯಿತು. ಕೊಲೆಸ್ಟರಾಲ್ ಇಳಿಯಿತು, ರಕ್ತದೊತ್ತಡ ಇಳಿಯಿತು, ಗಂಡಸರಲ್ಲಿ ಸಿಗರೇಟು ಸೇದುವವರ ಸಂಖ್ಯೆ ಇಳಿಯಿತು. 1995ರ ಹೊತ್ತಿಗೆ ಉತ್ತರ ಕರೇಲಿಯದ 35ರಿಂದ 64 ವರ್ಷದ ಗಂಡಸರಲ್ಲಿ ಹೃದಯ ರಕ್ತನಾಳದ ಕಾಯಿಲೆಯ ಸಾವು ಶೇಕಡಾ 73ರಷ್ಟು ಕಡಿಮೆಯಾಗಿತ್ತು. ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡಾ 71ರಷ್ಟು ತಗ್ಗಿತ್ತು. ಪಾರ್ಶ್ವವಾಯುವಿನ ಸಾವುಗಳೂ ಬಹಳವಾಗಿ ಇಳಿದವು. ನಾಲ್ಕು ದಶಕಗಳು ಕಳೆಯುವಷ್ಟರಲ್ಲಿ ಹೃದ್ರೋಗದ ಸಾವಿನ ಇಳಿಕೆ ಶೇಕಡಾ 80ನ್ನು ದಾಟಿತು. 1970ರ ಸುಮಾರಿಗೆ ಫಿನ್ಲೆಂಡಿನ ಗಂಡಸರ ಸರಾಸರಿ ಆಯುಷ್ಯ 66 ವರ್ಷದ ಆಸುಪಾಸಿನಲ್ಲಿತ್ತು. ನಂತರದ ನಾಲ್ಕು ದಶಕಗಳಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಏರಿತು.

ಇದಿಷ್ಟೇ ಹೇಳಿ ಮುಗಿಸಿದರೆ ಕಥೆ ಅರ್ಧವಾದೀತು. ಹೋಲಿಕೆಗೆಂದು ಆಯ್ದುಕೊಂಡಿದ್ದ ಪಕ್ಕದ ಕುಓಪಿಯೊ ಪ್ರಾಂತ್ಯದಲ್ಲಿ ಯೋಜನೆ ಇರಲಿಲ್ಲ. ಅಲ್ಲಿಯೂ ಸಾವುಗಳು ಇಳಿದವು. ಹಾಗಾದರೆ ಇಳಿಕೆಗೆ ಯೋಜನೆಯೇ ಕಾರಣವೇ ಎಂದು ಟೀಕಾಕಾರರು ಕೇಳಿದರು. ರೇಡಿಯೊ, ಪತ್ರಿಕೆ, ದೂರದರ್ಶನಗಳಿಗೆ ಪ್ರಾಂತ್ಯದ ಗಡಿ ಇರುವುದಿಲ್ಲ. ಕರೇಲಿಯದ ಸುದ್ದಿ ಕುಓಪಿಯೊ ಜನರಿಗೂ ತಲುಪಿತ್ತು ಎಂಬುದು ಯೋಜನೆಯವರ ಉತ್ತರ. ಅಮೆರಿಕದ ಅನುಭವವೂ ಈ ಚರ್ಚೆಗೆ ಇಂಬು ಕೊಟ್ಟಿತು. ಸ್ಟ್ಯಾನ್‌ಫರ್ಡ್, ಮಿನೆಸೋಟ, ಪಾಟಕೆಟ್‌ಗಳಲ್ಲಿ 1970 ಮತ್ತು 80ರ ದಶಕಗಳಲ್ಲಿ ಇಂಥ ಸಮುದಾಯ ಯೋಜನೆಗಳು ನಡೆದವು. ಮಿನೆಸೋಟ ಮತ್ತು ಪಾಟಕೆಟ್‌ಗಳಲ್ಲಿ ಯೋಜನೆ ಇದ್ದ ಊರಿಗೂ ಇಲ್ಲದ ಊರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಕಡೆಯೂ ಜನ ತಾವಾಗಿಯೇ ಬದಲಾಗುತ್ತಿದ್ದರು. ಆದರೆ ಅದೇ ಅಮೆರಿಕದ ಮೇನ್ ರಾಜ್ಯದ ಫ್ರಾಂಕ್ಲಿನ್ ಕೌಂಟಿ ಎಂಬ ಬಡ ಗ್ರಾಮೀಣ ಜಿಲ್ಲೆಯಲ್ಲಿ 1970ರಿಂದ ನಾಲ್ಕು ದಶಕ ನಡೆದ ಪ್ರಯತ್ನ ಫಲ ಕೊಟ್ಟಿತು ಎಂದು 2015ರಲ್ಲಿ ಪ್ರಕಟವಾದ ವರದಿ ಹೇಳಿತು. ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು, ಮೂರರ ಬೆನ್ನನ್ನೂ ಅಲ್ಲಿನ ದಾದಿಯರು, ಸ್ವಯಂಸೇವಕರು ಬಿಡದೆ ಹತ್ತಿದ್ದರು.

ಎರಡು ಮೂರು ವರ್ಷದ ಪ್ರಚಾರದಿಂದ ಹೃದಯ ಬದಲಾಗದು ಎಂಬುದು ಇವೆಲ್ಲವುಗಳಿಂದ ಹೊರಡುವ ಪಾಠ. ಬದಲಾದದ್ದು ಹಾಗೆಯೇ ಉಳಿಯುವುದೂ ಇಲ್ಲ. ಫಿನ್ಲೆಂಡಿನಲ್ಲಿ 2007ರ ನಂತರ, ಹಿಟ್ಟಿನ ಪದಾರ್ಥ ಬಿಟ್ಟು ಕೊಬ್ಬು ತಿನ್ನುವ ಹೊಸ ಖಯಾಲಿ ಹಬ್ಬಿದಾಗ ಬೆಣ್ಣೆ ಮತ್ತೆ ಮೇಜಿಗೆ ಬಂತು. 2012ರ ಸಮೀಕ್ಷೆಯಲ್ಲಿ ದಶಕಗಳಿಂದ ಇಳಿಯುತ್ತಿದ್ದ ಕೊಲೆಸ್ಟರಾಲ್ ಪುನಃ ಏರಿದ್ದು ಕಂಡಿತು.

ನಮಗೇನು?

ಕರೇಲಿಯದ ಈ ಕಥೆಯನ್ನು ಕನ್ನಡನಾಡಿನಲ್ಲಿ ಕುಳಿತು ಓದುವವರಿಗೆ ಒಂದು ದಿನ ನೆನಪಾಗದೆ ಇರದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ದಿನಗಳಲ್ಲಿ ಹೃದಯ ಪರೀಕ್ಷೆಗೆಂದು ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗಲೂ ಹಾಗೆಯೇ ಆಯಿತು. ಭಯ ಜನರನ್ನು ಆಸ್ಪತ್ರೆಯ ಬಾಗಿಲವರೆಗೆ ತಂದಿತು. ಭಯ ಇಳಿದ ಮೇಲೆ ಸಾಲೂ ಕರಗಿತು.

ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಎದೆನೋವು ಬಂದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡು. ಅದು ಜೀವ ಉಳಿಸುವ ಕೆಲಸ, ಬೇಕೇಬೇಕು. ಆದರೆ ಅದು ಎದೆನೋವು ಬಂದ ಮೇಲಿನ ಕೆಲಸ. ಕರೇಲಿಯದ ಕಥೆ ಎದೆನೋವು ಬರುವ ಇಪ್ಪತ್ತು ವರ್ಷ ಮೊದಲಿನದು. 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ದಂತಹ ಯೋಜನೆಗಳು ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಪತ್ತೆಹಚ್ಚಲು ಹೊರಟಿರುವುದು ಆ ದಿಕ್ಕಿನ ಹೆಜ್ಜೆ.

ನಮ್ಮ ತಟ್ಟೆ ಫಿನ್ಲೆಂಡಿನ ತಟ್ಟೆಯಲ್ಲ. ನಮ್ಮ ತೊಂದರೆ ಉಪ್ಪಿನಕಾಯಿ, ಹಪ್ಪಳ, ಕರಿದ ತಿಂಡಿ, ಬೀಡಿ, ತಂಬಾಕು, ಸಕ್ಕರೆ ಕಾಯಿಲೆ ಮತ್ತು ಕುಳಿತಲ್ಲೇ ಕುಳಿತಿರುವ ದುಡಿಮೆಯದು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಎಂದರೆ ಸುಮಾರು ಒಂದು ಟೀ ಚಮಚ, ನಮ್ಮ ಎಷ್ಟು ಅಡುಗೆಮನೆಗಳಿಗೆ ತಲುಪಿದೆ? ಆದ್ದರಿಂದ ಅವರ ಪಟ್ಟಿಯನ್ನು ಹಾಗೆಯೇ ತಂದು ಅಂಟಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ತರಬೇಕಾದದ್ದು ಅವರ ರೀತಿ. ಮಾರ್ತಾ ಸಂಘದ ಜಾಗದಲ್ಲಿ ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ಆರೋಗ್ಯ ಕೇಂದ್ರದ ದಾದಿಯ ಜೊತೆಗೆ ಆಶಾ ಕಾರ್ಯಕರ್ತೆಯರಿದ್ದಾರೆ. ಹಳ್ಳಿ ಹಳ್ಳಿಯಲ್ಲಿ ಹಾಲಿನ ಡೇರಿಯಿದೆ. ಬೆಳಿಗ್ಗೆ ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಡೇರಿಯ ಪಕ್ಕದ ಕಟ್ಟೆಯ ಮೇಲೆ ಒಂದು ಬಿ.ಪಿ. ಯಂತ್ರ, ಅದನ್ನು ಅಳೆಯಲು ಬಲ್ಲ ಒಬ್ಬ ಹುಡುಗಿ, ಹೆಸರು ಬರೆದಿಡಲು ಒಂದು ಪುಸ್ತಕ ಇದ್ದರೆ ಕೆಲಸ ಆರಂಭಿಸಲು ಸಾಕು.

ಉಳಿದದ್ದು ಮನವಿಯ ಮಾತು. ಉತ್ತರ ಕರೇಲಿಯದವರು ತಮ್ಮವರ ಸಾವನ್ನು ಹಣೆಬರಹ ಎಂದು ಒಪ್ಪಿಕೊಳ್ಳುವುದನ್ನು ನಿಲ್ಲಿಸಿದ ದಿನ ಒಂದು ಹಾಳೆಯ ಮೇಲೆ ಸಹಿ ಹಾಕಿದರು. ಮುಂದಿನದೆಲ್ಲ ಆ ಸಹಿಯ ಹಿಂದೆ ಬಂದದ್ದು. ನಮ್ಮ ಊರಿನ ಜಗಲಿಯ ಮೇಲೆ ಮುಂದಿನ ಸಲ ‘ಅವರ ಆಯಸ್ಸೇ ಅಷ್ಟಿತ್ತು’ ಎಂಬ ಮಾತು ಬಂದಾಗ, ಕೇಳಿದವರಲ್ಲಿ ಒಬ್ಬರಾದರೂ ‘ಅವರ ಬಿ.ಪಿ. ಎಷ್ಟಿತ್ತು, ಯಾರಾದರೂ ನೋಡಿದ್ದರೇ?’ ಎಂದು ಕೇಳಿದರೆ ಅದು ಒಂದು ಆರಂಭವಾದೀತು.